ಮೂರು ಸ್ಪ್ರಿಂಗ್‌ಗಳ ಕಂಪನ ನಿರೋಧಕ ವೇದಿಕೆ: ಅರೇಖೀಯ ಲೆಕ್ಕ ಕೈಕೊಡದಂತೆ ಕಟ್ಟುವ ಕ್ರಮ

ಈ ವೇದಿಕೆಯನ್ನು ಕಟ್ಟಲು ಹೊರಟವರು ಹೆಚ್ಚುಕಡಿಮೆ ಒಂದೇ ಜಾಗದಲ್ಲಿ ಎಡವುವುದನ್ನು ನೋಡುತ್ತಾ ಬಂದಿದ್ದೇನೆ. ಕಂಪ್ಯೂಟರಿನಲ್ಲಿ ಲೆಕ್ಕ ಅಚ್ಚುಕಟ್ಟಾಗಿ ಬಂದಿರುತ್ತದೆ. ಜೋಡಿಸಿ, ಉಪಕರಣವನ್ನು ಮೇಲಿಟ್ಟ ಕೂಡಲೇ ವೇದಿಕೆ ‘ಟಕ್’ ಎಂದು ಒಂದೂವರೆ ಸೆಂಟಿಮೀಟರ್ ಕೆಳಕ್ಕೆ ಜಿಗಿದು ಅಲ್ಲೇ ಕೂತುಬಿಡುತ್ತದೆ. ಕೈಯಿಂದ ಮೇಲೆತ್ತಿದರೆ ಅಷ್ಟೇ ಎತ್ತರಕ್ಕೆ ಹಾರಿ ಅಲ್ಲಿಯೂ ಕೂರುತ್ತದೆ. ನಡುವೆ ಮಾತ್ರ ನಿಲ್ಲುವುದಿಲ್ಲ. ಇನ್ನು ಕೆಲವರ ವೇದಿಕೆ ವಾರಗಟ್ಟಲೆ ಚೆನ್ನಾಗಿ ನಡೆದು, ಯಾರೋ ಒಮ್ಮೆ ಕೈ ತಾಗಿಸಿದ ಮೇಲೆ ಅದೇ ನೆಲದ ಮೇಲೆ ಹತ್ತು ಪಟ್ಟು ಜೋರಾಗಿ ಅಲುಗುತ್ತದೆ. ಸ್ಪ್ರಿಂಗ್ ಕೆಟ್ಟಿದೆಯೆಂದು ಬದಲಿಸುತ್ತಾರೆ, ಮತ್ತೆ ಅದೇ ಕಥೆ. ಎರಡೂ ಕಡೆ ಸ್ಪ್ರಿಂಗ್ ನಿರಪರಾಧಿ. ಅರೇಖೀಯ ವ್ಯವಸ್ಥೆಯನ್ನು, ಅಂದರೆ ಬಲ ಇಮ್ಮಡಿಯಾದರೆ ಸರಿದಾಟ ಇಮ್ಮಡಿಯಾಗದ ವ್ಯವಸ್ಥೆಯನ್ನು, ರೇಖೀಯ ವ್ಯವಸ್ಥೆಯ ಕ್ರಮದಲ್ಲಿ ವಿನ್ಯಾಸ ಮಾಡಿರುವುದೇ ತಪ್ಪು.

ಇಲ್ಲಿ ಒಂದೇ ಉದಾಹರಣೆಯನ್ನು ಕೊನೆಯವರೆಗೂ ಹಿಡಿದುಕೊಂಡು ಹೋಗುತ್ತೇನೆ. 10 ಕಿಲೋ ತೂಕದ ಅಳತೆಯ ಉಪಕರಣವೊಂದು ಕಾರ್ಖಾನೆಯೊಳಗಿನ ಉಕ್ಕಿನ ಮಹಡಿಯ ಮೇಲಿದೆ. ಕೆಳಗೆ ಪವರ್ ಪ್ರೆಸ್ ನಡೆಯುತ್ತದೆ. ಉಪಕರಣವನ್ನು ಲಂಬ ಕಂಪನದಿಂದ ಕಾಪಾಡಬೇಕು. ಕೆಳಗಿನಿಂದ ಒಂದು ಲಂಬ ಸ್ಪ್ರಿಂಗ್ ಭಾರ ಹೊರುತ್ತದೆ. ಎರಡು ಬದಿಗಳಿಂದ ಎರಡು ಅದುಮಿದ ಸ್ಪ್ರಿಂಗ್‌ಗಳು ವೇದಿಕೆಯನ್ನು ಒತ್ತುತ್ತವೆ. ಕೆಲಸದ ಸ್ಥಾನದಲ್ಲಿ ಅವು ನೇರ ಅಡ್ಡಲಾಗಿರುತ್ತವೆ, ವೇದಿಕೆ ಮೇಲೆ ಕೆಳಗೆ ಸರಿದಾಗ ಓರೆಯಾಗುತ್ತವೆ. ಓರೆಯಾದ ಸ್ಪ್ರಿಂಗ್ ವೇದಿಕೆಯನ್ನು ನಡುವಿನಿಂದ ಇನ್ನಷ್ಟು ದೂರ ತಳ್ಳುತ್ತದೆ, ಲಂಬ ಸ್ಪ್ರಿಂಗ್ ವಾಪಸ್ ತರುತ್ತದೆ. ಈ ಹಗ್ಗಜಗ್ಗಾಟದಿಂದ ಭಾರ ಹೊರುವ ಶಕ್ತಿ ಹಾಗೇ ಉಳಿದು, ನಡುವಿನ ಬಿಗಿತ (ಇಷ್ಟು ದೂರ ಸರಿಸಲು ಇಷ್ಟು ಬಲ ಬೇಕೆಂಬ ಅಳತೆ) ಮಾತ್ರ ಸೊನ್ನೆಯ ಹತ್ತಿರಕ್ಕೆ ಇಳಿಯುತ್ತದೆ.

## ಕೈಗೆ ಸಿಗುವಂತೆ ಇಟ್ಟುಕೊಳ್ಳಬೇಕಾದವು

ತೂಕದ ಬಟ್ಟುಗಳು (50 ಗ್ರಾಂನಿಂದ 2 ಕಿಲೋವರೆಗೆ), ಹೈಟ್ ಗೇಜ್ ಅಥವಾ ಉದ್ದ ಓಟದ ಡಯಲ್ ಗೇಜ್, ವರ್ನಿಯರ್ ಕ್ಯಾಲಿಪರ್, ಒಂದು ಹರ್ಟ್ಸ್‌ಗಿಂತ ಕೆಳಗೂ ನಂಬಬಹುದಾದ ಅಕ್ಸೆಲೆರೋಮೀಟರ್, ಪೈಥಾನ್ ಇರುವ ಕಂಪ್ಯೂಟರ್. ಅಲುಗಾಡಿಸಲು ದುಬಾರಿ ಶೇಕರ್ ಬೇಕಾಗಿಲ್ಲ. ಇಷ್ಟು ಕಡಿಮೆ ಆವೃತ್ತಿಗೆ (ಸೆಕೆಂಡಿಗೆ ಎಷ್ಟು ಸಲ ಅಲುಗುತ್ತದೆ ಎಂಬ ಅಳತೆ) ಗೇರ್ ಮೋಟಾರ್, 1 ಮತ್ತು 1.5 ಮಿ.ಮೀ. ಎಕ್ಸೆಂಟ್ರಿಕ್ (ಕೇಂದ್ರ ತಪ್ಪಿಸಿ ಕೂರಿಸಿದ ಚಕ್ರ), ಉದ್ದನೆಯ ಕನೆಕ್ಟಿಂಗ್ ರಾಡ್ ಇದ್ದರೆ ಸಾಕು. ವೇಗ ಬದಲಾದರೂ ಅಲುಗಾಟದ ಅಳತೆ ಬದಲಾಗದಿರುವುದೇ ಅದರ ದೊಡ್ಡ ಗುಣ. ಜೊತೆಗೆ ಕಣ್ಣಿನ ರಕ್ಷಣೆಯ ಕನ್ನಡಕ ಇರಲಿ. ಬದಿಯ ಸ್ಪ್ರಿಂಗ್‌ಗಳನ್ನು ಅದುಮಿ ಕೂರಿಸುವಾಗ ಜಾರಿದರೆ ನೇರ ಮುಖಕ್ಕೇ ಬರುತ್ತವೆ.

## ಹಂತ 1: ನೆಲವನ್ನು ಅಳೆಯಿರಿ

ಅಕ್ಸೆಲೆರೋಮೀಟರನ್ನು ಉಪಕರಣ ಕೂರುವ ಜಾಗದಲ್ಲೇ ಇಟ್ಟು, ಪ್ರೆಸ್ ನಡೆಯುವಾಗ, ನಿಂತಾಗ, ಮಹಡಿಯ ಮೇಲೆ ಜನ ಓಡಾಡುವಾಗ, ಹೀಗೆ ಬೇರೆ ಬೇರೆಯಾಗಿ ಅರ್ಧ ಗಂಟೆ ದಾಖಲಿಸಿ.

ಇಲ್ಲಿ ಸಾಮಾನ್ಯವಾಗಿ ಆಗುವ ತಪ್ಪು, ವೇಗೋತ್ಕರ್ಷದ ನಕ್ಷೆಯನ್ನು ನೋಡಿ ಎತ್ತರದ ಶಿಖರವನ್ನಷ್ಟೇ ಗುರುತು ಮಾಡಿಕೊಳ್ಳುವುದು. ಅರೇಖೀಯ ವ್ಯವಸ್ಥೆಗೆ ಮುಖ್ಯವಾದದ್ದು ಸ್ಥಾನಾಂತರ, ಅಂದರೆ ನೆಲ ನಡುವಿನಿಂದ ಒಂದು ಬದಿಗೆ ಎಷ್ಟು ಮಿ.ಮೀ. ಸರಿಯಿತು ಎಂಬುದು. 0.085 ಮೀಟರ್/ಸೆಕೆಂಡ್² ವೇಗೋತ್ಕರ್ಷ 10 ಹರ್ಟ್ಸ್‌ನಲ್ಲಿ ಬರೀ 0.02 ಮಿ.ಮೀ. ಅಲುಗಾಟ; ಅದೇ ವೇಗೋತ್ಕರ್ಷ 1.2 ಹರ್ಟ್ಸ್‌ನಲ್ಲಿ 1.5 ಮಿ.ಮೀ. ನಿಮಿಷಕ್ಕೆ 72 ಏಟು ಹೊಡೆಯುವ ಪ್ರೆಸ್ಸಿನ ಆವೃತ್ತಿ ಇದೇ 1.2 ಹರ್ಟ್ಸ್. ಆದ್ದರಿಂದ ಪ್ರತಿಯೊಂದು ಶಿಖರದ ಎದುರಿಗೂ ಆವೃತ್ತಿಯ ಜೊತೆಗೆ ಮಿ.ಮೀ. ಲೆಕ್ಕವನ್ನೂ ಬರೆಯಿರಿ.

ನೆಲದ ಕಂಪನವೆಲ್ಲ 8 ಹರ್ಟ್ಸ್‌ಗಿಂತ ಮೇಲಿದ್ದರೆ ಇಲ್ಲಿಗೇ ನಿಲ್ಲಿಸಿ, ಒಂದು ಮೃದುವಾದ ಸಾದಾ ಸ್ಪ್ರಿಂಗ್ ಹಾಕಿಕೊಳ್ಳಿ. ಬೇಡದ ಕಡೆ ಅರೇಖೀಯತೆಯನ್ನು ತಂದುಕೊಂಡರೆ ಅದರ ತೊಂದರೆಗಳಷ್ಟೇ ನಿಮ್ಮ ಪಾಲಿಗೆ ಬರುತ್ತವೆ.

## ಹಂತ 2: ಸರಿದಾಟಕ್ಕೆ ಜಾಗ ನಿಗದಿ ಮಾಡಿ

ಸ್ಪ್ರಿಂಗ್ ಆರಿಸುವ ಮೊದಲೇ ವೇದಿಕೆ ಮೇಲೆ ಎಷ್ಟು, ಕೆಳಗೆ ಎಷ್ಟು ಸರಿಯಬಹುದು ಎಂದು ತೀರ್ಮಾನಿಸಿ. ನಮ್ಮ ಉದಾಹರಣೆಯಲ್ಲಿ ±25 ಮಿ.ಮೀ.; ಅದರಾಚೆ ಮೆತ್ತನೆಯ ರಬ್ಬರ್ ತಡೆ. ಈ ಅಂಕಿ ಮುಂದಿನ ಎಲ್ಲ ಲೆಕ್ಕಗಳಿಗೂ ಗಡಿ. ವೇದಿಕೆ ತಡೆಗೆ ಬಡಿಯತೊಡಗಿದರೆ ವ್ಯವಸ್ಥೆಯೇ ಬೇರೆಯಾಗುತ್ತದೆ, ಅದರ ಚಲನೆ ಗೊಂದಲಮಯವಾಗಲೂಬಹುದು. ಆದ್ದರಿಂದ ದಿನನಿತ್ಯದ ಕೆಲಸದಲ್ಲಿ ತಡೆಯನ್ನು ಮುಟ್ಟಲೇಬಾರದು.

## ಹಂತ 3: ಮೂರು ಸ್ಪ್ರಿಂಗ್‌ಗಳ ಲೆಕ್ಕ

ನಾಲ್ಕು ಅಳತೆಗಳಿಗೆ ನಾಲ್ಕು ಅಕ್ಷರ ಇಟ್ಟುಕೊಳ್ಳೋಣ. ಲಂಬ ಸ್ಪ್ರಿಂಗ್‌ನ ಬಿಗಿತ ‘ಲ’. ಬದಿಯ ಪ್ರತಿ ಸ್ಪ್ರಿಂಗ್‌ನ ಬಿಗಿತ ‘ಓ’. ಬದಿಯ ಸ್ಪ್ರಿಂಗ್ ಅದುಮದೆ ಇದ್ದಾಗಿನ ಉದ್ದ ‘ಉ’. ಅದು ಅಡ್ಡಲಾಗಿ ಕೂತಾಗಿನ ಉದ್ದ ‘ಅ’. ಆಗ ನಡುವಿನ ಸ್ಥಾನದಲ್ಲಿ ಉಳಿಯುವ ಬಿಗಿತ:

ಉಳಿಕೆ ಬಿಗಿತ = ಲ − 2 × ಓ × (ಉ ÷ ಅ − 1)

ನಡುವಿನಿಂದ ದೂರ ಹೋದಂತೆ ವೇದಿಕೆ ಗಟ್ಟಿಯಾಗುವ ಪ್ರಮಾಣವನ್ನು ಘನ ಗುಣಾಂಕ ತೋರಿಸುತ್ತದೆ (ಸರಿದ ದೂರದ ಘನದಿಂದ ಅದನ್ನು ಗುಣಿಸಿದರೆ ಬರುವ ಬಲವೇ ಘನ ಪದ):

ಘನ ಗುಣಾಂಕ = ಓ × ಉ ÷ ಅ³

ನಮ್ಮ ಆಯ್ಕೆ: ಲ = 2000 ನ್ಯೂಟನ್/ಮೀಟರ್, ಓ = 2000 ನ್ಯೂಟನ್/ಮೀಟರ್, ಉ = 90 ಮಿ.ಮೀ. ಲಂಬ ಸ್ಪ್ರಿಂಗ್ ಒಂದೇ ಇದ್ದಿದ್ದರೆ 10 ಕಿಲೋ ಭಾರಕ್ಕೆ 49 ಮಿ.ಮೀ. ಇಳಿದು, ಅದರ ಸ್ವಾಭಾವಿಕ ಆವೃತ್ತಿ (ತಟ್ಟಿ ಬಿಟ್ಟರೆ ತಾನಾಗಿ ಅಲುಗುವ ಆವೃತ್ತಿ) 2.25 ಹರ್ಟ್ಸ್ ಆಗುತ್ತಿತ್ತು.

‘ಅ’ ಸರಿಯಾಗಿ 60 ಮಿ.ಮೀ. ಆದರೆ ಉಳಿಕೆ ಬಿಗಿತ ಸೊನ್ನೆ. ಕಾಗದದ ಮೇಲೆ ಇದು ಆಸೆ ಹುಟ್ಟಿಸುವ ಅಂಕಿ. ಅದನ್ನು ಮುಟ್ಟಲು ಹೋಗಬೇಡಿ. 62 ಮಿ.ಮೀ. ಇಡಿ. ಆಗ ಉಳಿಕೆ ಬಿಗಿತ 193.5 ನ್ಯೂಟನ್/ಮೀಟರ್, ಸಣ್ಣ ಅಲುಗಾಟದ ಸ್ವಾಭಾವಿಕ ಆವೃತ್ತಿ 0.70 ಹರ್ಟ್ಸ್, ಘನ ಗುಣಾಂಕ ಸುಮಾರು 7,55,000 ನ್ಯೂಟನ್/ಮೀಟರ್³.

60ರ ಇನ್ನೊಂದು ಬದಿಗೆ, 58 ಮಿ.ಮೀ.ಗೆ ಹೋದರೆ ಏನಾಗುತ್ತದೆಂದು ಕಣ್ಣಾರೆ ನೋಡಿ. ಉಳಿಕೆ ಬಿಗಿತ ಋಣವಾಗುತ್ತದೆ (−207), ನಡುವಿನ ಸ್ಥಾನ ಅಸ್ಥಿರವಾಗುತ್ತದೆ. ಬದಿಯ ಸ್ಪ್ರಿಂಗ್‌ನ ಉದ್ದ ಮತ್ತೆ 60 ಮಿ.ಮೀ. ಆಗುವವರೆಗೆ ವೇದಿಕೆ ಸರಿಯುತ್ತದೆ. ಪೈಥಾಗೊರಸ್ ಲೆಕ್ಕ ಹಾಕಿ: 60ರ ವರ್ಗದಿಂದ 58ರ ವರ್ಗ ಕಳೆದರೆ 236, ಅದರ ವರ್ಗಮೂಲ 15.4. ಬರೀ 2 ಮಿ.ಮೀ. ಅಳತೆ ತಪ್ಪಿದ್ದಕ್ಕೆ ವೇದಿಕೆ 15 ಮಿ.ಮೀ. ಮೇಲಕ್ಕೋ ಕೆಳಕ್ಕೋ ಜಿಗಿದು ಕೂರುತ್ತದೆ. ಆರಂಭದಲ್ಲಿ ಹೇಳಿದ ‘ಟಕ್’ ಇದೇ.

ಬದಿಯ ಸ್ಪ್ರಿಂಗ್ ಬಳುಕುವ ಅಪಾಯವನ್ನೂ ಇಲ್ಲೇ ನೋಡಿಕೊಳ್ಳಿ. ಎರಡೂ ತುದಿಗಳು ತಿರುಗುವಂತಿರುವ ಸ್ಪ್ರಿಂಗ್ ಬಳುಕದಿರಬೇಕಾದರೆ ಅದರ ಮುಕ್ತ ಉದ್ದ ಸುರುಳಿಯ ಸರಾಸರಿ ವ್ಯಾಸದ 2.63 ಪಟ್ಟಿಗಿಂತ ಕಡಿಮೆ ಇರಬೇಕು. 90 ಮಿ.ಮೀ. ಉದ್ದಕ್ಕೆ 35 ಮಿ.ಮೀ. ವ್ಯಾಸವಾದರೂ ಬೇಕು. ಸಣ್ಣ ವ್ಯಾಸದ ಸ್ಪ್ರಿಂಗ್ ತಂದು ಒಳಗೆ ಸಲಾಕೆ ತೂರಿಸುವವರಿದ್ದಾರೆ. ಆ ಸಲಾಕೆ ತರುವ ಘರ್ಷಣೆಯ ಬೆಲೆಯನ್ನು ಹಂತ 7ರಲ್ಲಿ ತೆರಬೇಕಾಗುತ್ತದೆ.

## ಹಂತ 4: ತಪ್ಪಳತೆಯ ಲೆಕ್ಕ (ಇದನ್ನು ದಾಟಿ ಹೋಗುವವರೇ ಹೆಚ್ಚು)

ನನ್ನನ್ನು ಕೇಳಿದರೆ ಇಡೀ ವಿನ್ಯಾಸದ ಹೃದಯ ಇದೇ. ಎರಡು ದೊಡ್ಡ ಸಂಖ್ಯೆಗಳನ್ನು ಒಂದರಿಂದೊಂದು ಕಳೆದು ಸಣ್ಣ ಸಂಖ್ಯೆಯನ್ನು ಪಡೆಯುತ್ತಿದ್ದೇವೆ. 2000ದಿಂದ 1806.5 ಕಳೆದರೆ 193.5. ಆ ಎರಡರಲ್ಲಿ ಯಾವುದು ಸ್ವಲ್ಪ ಹಿಂದೆ ಮುಂದೆ ಆದರೂ ಉಳಿಕೆ ಅಡಿಮೇಲಾಗುತ್ತದೆ.

ಅಂಗಡಿಯಲ್ಲಿ ಸಿಗುವ ಸ್ಪ್ರಿಂಗ್‌ನ ಬಿಗಿತ ಹೇಳಿದ್ದಕ್ಕಿಂತ ಶೇ. 10ರಷ್ಟು ಆಚೀಚೆ ಇರುವುದು ಹೊಸತೇನಲ್ಲ. ಒಂದೇ ನಕ್ಷೆಯಿಂದ ಹುಟ್ಟಬಹುದಾದ ಮೂರು ವೇದಿಕೆಗಳನ್ನು ನೋಡಿ:

- ಲ = 2200, ಓ = 1800: ಉಳಿಕೆ ಬಿಗಿತ 574, ಸ್ವಾಭಾವಿಕ ಆವೃತ್ತಿ 1.2 ಹರ್ಟ್ಸ್, ಅಂದರೆ ಸರಿಯಾಗಿ ಪ್ರೆಸ್ಸಿನ ಏಟಿನ ಮೇಲೆ.
- ಲ = 2000, ಓ = 2000: 193.5, 0.70 ಹರ್ಟ್ಸ್.
- ಲ = 1800, ಓ = 2200: −187. ವೇದಿಕೆ ನಡುವೆ ನಿಲ್ಲುವುದೇ ಇಲ್ಲ.

ಹೀಗಾಗಿ ಎರಡು ಕೆಲಸ ಕಡ್ಡಾಯ. ಮೊದಲನೆಯದು, ತಂದ ಪ್ರತಿಯೊಂದು ಸ್ಪ್ರಿಂಗನ್ನೂ ಬಟ್ಟು ಇಟ್ಟು ಅಳೆದು, ಅದರ ಮೇಲೆ ಚೀಟಿ ಅಂಟಿಸುವುದು. ಬದಿಯ ಎರಡು ಸ್ಪ್ರಿಂಗ್‌ಗಳು ಆದಷ್ಟು ಸರಿಜೋಡಿಯಾಗಿರಲಿ. ಹತ್ತು ತಂದು ಅದರಲ್ಲಿ ಎರಡನ್ನು ಆರಿಸಿಕೊಂಡರೂ ನಷ್ಟವಿಲ್ಲ. ಎರಡನೆಯದು, ‘ಅ’ ಅಳತೆಯನ್ನು ಹೊಂದಿಸಲು ಎರಡೂ ಬದಿಗೆ ಸ್ಕ್ರೂ ಕೊಡುವುದು. ಎಂ6 ಸ್ಕ್ರೂ ಒಂದು ಸುತ್ತಿಗೆ 1 ಮಿ.ಮೀ. ಸರಿಯುತ್ತದೆ. ಎರಡೂ ಬದಿಯನ್ನು ಒಂದೊಂದು ಸುತ್ತು ತಿರುಗಿಸಿದರೆ ಉಳಿಕೆ ಬಿಗಿತ ಸುಮಾರು 95 ನ್ಯೂಟನ್/ಮೀಟರ್ ಬದಲಾಗುತ್ತದೆ. ಕಾಲು ಕಾಲು ಸುತ್ತು ತಿರುಗಿಸಿ, ಎಷ್ಟು ತಿರುಗಿಸಿದಿರೆಂದು ಬರೆದುಕೊಳ್ಳಿ.

ಭಾರ ತಪ್ಪಿದರೂ ಇದೇ ಪಾಡು. ಉಪಕರಣ 10ರ ಬದಲು 10.5 ಕಿಲೋ ಇದೆ ಎನ್ನಿ. ಸಾದಾ ಸ್ಪ್ರಿಂಗ್ ಆಗಿದ್ದರೆ ಆ ಅರ್ಧ ಕಿಲೋಗೆ ಎರಡೂವರೆ ಮಿ.ಮೀ. ಇಳಿದು ಸುಮ್ಮನಾಗುತ್ತಿತ್ತು. ನಮ್ಮ ವೇದಿಕೆ 14 ಮಿ.ಮೀ. ಇಳಿಯುತ್ತದೆ. ಅಲ್ಲಿನ ಬಿಗಿತ ಸುಮಾರು 650, ಸ್ವಾಭಾವಿಕ ಆವೃತ್ತಿ 1.25 ಹರ್ಟ್ಸ್. ಕಷ್ಟಪಟ್ಟು ಗಳಿಸಿದ ಮೃದುತ್ವವನ್ನು ಅರ್ಧ ಕಿಲೋ ನುಂಗಿಹಾಕಿತು. ಉಪಕರಣಕ್ಕೆ ಹೊಸ ಕೇಬಲ್ ಸಿಕ್ಕಿಸಿದರೂ ಮತ್ತೆ ಹೊಂದಿಸಬೇಕಾಗುತ್ತದೆ, ಆದ್ದರಿಂದ ಲಂಬ ಸ್ಪ್ರಿಂಗ್‌ನ ಬುಡಕ್ಕೆ ಎತ್ತರ ಹೊಂದಿಸುವ ನಟ್ ಇರಲೇಬೇಕು.

## ಹಂತ 5: ಡ್ಯಾಂಪಿಂಗನ್ನು ದೊಡ್ಡ ಅಲುಗಾಟದ ಲೆಕ್ಕದಿಂದ ಆರಿಸಿ

ರೇಖೀಯ ಪಾಠದಲ್ಲಿ ಡ್ಯಾಂಪಿಂಗ್ (ಅಲುಗಾಟವನ್ನು ತಣಿಸುವ ತಡೆ) ಕಡಿಮೆ ಇದ್ದಷ್ಟೂ ಮೇಲಿನ ಆವೃತ್ತಿಯಲ್ಲಿ ನಿರೋಧ ಚೆನ್ನ ಎಂದು ಕಲಿತಿರುತ್ತೇವೆ. ಅದೇ ಅಭ್ಯಾಸದಲ್ಲಿ ಇಲ್ಲೂ ಕಡಿಮೆ ಇಟ್ಟರೆ ಪೆಟ್ಟು ತಿನ್ನುತ್ತೇವೆ.

ಡಫಿಂಗ್ ಸಮೀಕರಣದ (ಘನ ಪದ ಸೇರಿದ ಸ್ಪ್ರಿಂಗ್‌ನ ಚಲನೆಯ ಸಮೀಕರಣ) ಲೆಕ್ಕದಲ್ಲಿ ವೇದಿಕೆಯ ಅಲುಗಾಟ ದೊಡ್ಡದಾದಂತೆ ಅದರ ಸ್ವಾಭಾವಿಕ ಆವೃತ್ತಿಯೂ ಏರುತ್ತದೆ. ಸಣ್ಣ ಅಲುಗಾಟಕ್ಕೆ 0.70 ಹರ್ಟ್ಸ್ ಇದ್ದದ್ದು 10 ಮಿ.ಮೀ. ಅಲುಗಾಟಕ್ಕೆ 0.80, 20 ಮಿ.ಮೀ.ಗೆ 1.03 ಹರ್ಟ್ಸ್. ಅನುರಣನದ ಶಿಖರ, ಅಂದರೆ ನಕ್ಷೆಯಲ್ಲಿ ಅಲುಗಾಟ ಅತಿ ಹೆಚ್ಚಾಗುವ ಜಾಗ, ಹೆಚ್ಚಿನ ಆವೃತ್ತಿಯ ಕಡೆಗೆ, ಬಲಕ್ಕೆ ವಾಲುತ್ತದೆ. ಎಷ್ಟು ವಾಲುತ್ತದೆ ಎಂಬುದನ್ನು ಡ್ಯಾಂಪಿಂಗ್ ಮತ್ತು ನೆಲದ ಅಲುಗಾಟ ಎರಡೂ ಸೇರಿ ತೀರ್ಮಾನಿಸುತ್ತವೆ.

ಡ್ಯಾಂಪಿಂಗ್ ಗುಣಾಂಕ 4 ನ್ಯೂಟನ್·ಸೆಕೆಂಡ್/ಮೀಟರ್ ಇಟ್ಟು ನೋಡೋಣ. ನೆಲ 1 ಮಿ.ಮೀ. ಅಲುಗಿದರೆ ವೇದಿಕೆ ನೆಲಕ್ಕೆ ಸಾಪೇಕ್ಷವಾಗಿ ಹೆಚ್ಚೆಂದರೆ 13.7 ಮಿ.ಮೀ. ಅಲುಗುತ್ತದೆ, 0.87 ಹರ್ಟ್ಸ್‌ನಲ್ಲಿ. ನೆಲದ ಅಲುಗಾಟವನ್ನು 1.5 ಮಿ.ಮೀ.ಗೆ ಏರಿಸಿ. ರೇಖೀಯ ಮನಸ್ಸು 20 ಮಿ.ಮೀ. ಎನ್ನುತ್ತದೆ. ಲೆಕ್ಕ ಹೇಳುವುದು 37 ಮಿ.ಮೀ., ಅದೂ 1.55 ಹರ್ಟ್ಸ್‌ನಲ್ಲಿ. 1.68 ಮಿ.ಮೀ. ದಾಟಿದರೆ ಈ ಲೆಕ್ಕದಲ್ಲಿ ಶಿಖರ ಮುಚ್ಚಿಕೊಳ್ಳುವುದೇ ಇಲ್ಲ. ಆವೃತ್ತಿ ಏರಿದಷ್ಟೂ ಅಲುಗಾಟ ಏರುತ್ತಲೇ ಹೋಗುತ್ತದೆ. ಆ ಮಿತಿಯ ಸೂತ್ರ ಸರಳವಾಗಿದೆ:

ನೆಲದ ಮಿತಿ = ಡ್ಯಾಂಪಿಂಗ್ ಗುಣಾಂಕ ÷ √(0.75 × ಘನ ಗುಣಾಂಕ × ದ್ರವ್ಯರಾಶಿ)

ಗುಣಾಂಕವನ್ನು 8ಕ್ಕೆ ಏರಿಸಿದರೆ ಮಿತಿ 3.36 ಮಿ.ಮೀ. ಆಗುತ್ತದೆ. ನೆಲ 1.5 ಮಿ.ಮೀ. ಅಲುಗಿದರೂ ಶಿಖರ 0.78 ಹರ್ಟ್ಸ್‌ನಲ್ಲಿ 9.2 ಮಿ.ಮೀ.ಗೇ ನಿಲ್ಲುತ್ತದೆ. ಇದಕ್ಕೆ ತೆರುವ ಬೆಲೆಯನ್ನೂ ನೋಡಿ: 10 ಹರ್ಟ್ಸ್‌ನ ಕಂಪನದಲ್ಲಿ ಉಪಕರಣಕ್ಕೆ ದಾಟುವ ಪಾಲು ಶೇ. 0.8ರಿಂದ ಶೇ. 1.4ಕ್ಕೆ ಏರುತ್ತದೆ. ಸಾದಾ ಸ್ಪ್ರಿಂಗ್ ಆಗಿದ್ದರೆ ಶೇ. 5.4 ದಾಟುತ್ತಿತ್ತು. ನಾನು ಯಾವ ಹಿಂಜರಿಕೆಯೂ ಇಲ್ಲದೆ 8 ಆರಿಸುತ್ತೇನೆ.

ಡ್ಯಾಂಪರ್ ಆಗಿ ಬಲವಾದ ಆಯಸ್ಕಾಂತಗಳ ನಡುವೆ ಸರಿಯುವ ಅಲ್ಯೂಮಿನಿಯಂ ತಗಡು ಬಹಳ ಒಳ್ಳೆಯದು. ಎಲ್ಲಿಯೂ ತಾಗುವುದಿಲ್ಲ, ಸುಳಿ ವಿದ್ಯುತ್ತೇ ತಡೆ ಒಡ್ಡುತ್ತದೆ. ಆಯಸ್ಕಾಂತಗಳ ನಡುವಿನ ಅಂತರ ಬದಲಿಸಿ ಗುಣಾಂಕವನ್ನು ಹೊಂದಿಸಬಹುದು.

## ಹಂತ 6: ಅನುಕರಣೆಯನ್ನು ಎರಡು ದಿಕ್ಕಿನಿಂದ ಮಾಡಿ

ಈಗ ಕಂಪ್ಯೂಟರ್ ತೆರೆಯಿರಿ, ಇದಕ್ಕೆ ಮೊದಲು ಬೇಡ.

ಮೊದಲ ಎಚ್ಚರ: ಬಲದ ಲೆಕ್ಕಕ್ಕೆ ವರ್ಗಮೂಲವಿರುವ ಪೂರ್ಣ ಜ್ಯಾಮಿತಿಯನ್ನೇ ಬಳಸಿ. ಘನ ಪದದ ಅಂದಾಜು ಅರೇಖೀಯ ಪಾಲನ್ನು 10 ಮಿ.ಮೀ.ನಲ್ಲಿ ಶೇ. 2ರಷ್ಟು, 20 ಮಿ.ಮೀ.ನಲ್ಲಿ ಶೇ. 8ರಷ್ಟು, 30 ಮಿ.ಮೀ.ನಲ್ಲಿ ಶೇ. 17ರಷ್ಟು ಹೆಚ್ಚಾಗಿ ತೋರಿಸುತ್ತದೆ. ಹಂತ 5ರ ಅಂಕಿಗಳು ದಿಕ್ಕು ತೋರಿಸಲು ಸಾಕು, ತಡೆಯ ಜಾಗವನ್ನು ನಿಗದಿ ಮಾಡಲು ಸಾಲವು.

ಎರಡನೆಯ ಎಚ್ಚರ: ಪೈಥಾನ್‌ನ ಸೈಪೈ (SciPy) ಎಂಬ ಗಣಿತ ಭಂಡಾರದ solve_ivp ಸಮೀಕರಣ ಪರಿಹಾರಕದಲ್ಲಿ ಮೊದಲೇ ಇರುವ ಸಾಪೇಕ್ಷ ದೋಷಮಿತಿ ಸಾವಿರದಲ್ಲೊಂದು. ಇದಕ್ಕೆ ಅದು ತೀರಾ ಸಡಿಲ. ಹತ್ತು ಕೋಟಿಯಲ್ಲೊಂದಕ್ಕೆ ಬಿಗಿ ಮಾಡಿ. ದೋಷಮಿತಿಯನ್ನು ಹತ್ತು ಪಟ್ಟು ಬಿಗಿ ಮಾಡಿದಾಗ ಸ್ಥಿರ ಚಲನೆಯ ಅಂಕಿ ಬದಲಾದರೆ ಹಿಂದಿನ ಉತ್ತರವನ್ನು ನಂಬಬೇಡಿ.

ಮೂರನೆಯದು, ಎಲ್ಲಕ್ಕಿಂತ ದೊಡ್ಡದು. ಪ್ರತಿ ಆವೃತ್ತಿಗೂ ಸೊನ್ನೆಯಿಂದ ಲೆಕ್ಕ ಆರಂಭಿಸಿದರೆ ನಿಮಗೆ ಕಾಣುವುದು ಹೆಚ್ಚಾಗಿ ಸಣ್ಣ ಅಲುಗಾಟದ ಉತ್ತರ ಮಾತ್ರ. ಹಿಂದಿನ ಆವೃತ್ತಿಯ ಕೊನೆಯ ಸ್ಥಿತಿಯನ್ನೇ ಮುಂದಿನದರ ಆರಂಭವಾಗಿ ಕೊಡುತ್ತಾ 0.4ರಿಂದ 2 ಹರ್ಟ್ಸ್‌ವರೆಗೆ ಏರಿ, ಅಲ್ಲಿಂದ ಹಾಗೆಯೇ ಇಳಿಯಿರಿ. ಏರುವ ಗೆರೆ, ಇಳಿಯುವ ಗೆರೆ ಎಲ್ಲಿ ಬೇರೆಯಾಗುತ್ತವೆಯೋ ಅಲ್ಲಿ ಒಂದೇ ಆವೃತ್ತಿಗೆ ಎರಡು ಸ್ಥಿರ ಚಲನೆಗಳಿವೆ.

ಡ್ಯಾಂಪಿಂಗ್ 4, ನೆಲದ ಅಲುಗಾಟ 1.5 ಮಿ.ಮೀ., ಆವೃತ್ತಿ 1.2 ಹರ್ಟ್ಸ್. ಘನ ಪದದ ಅಂದಾಜಿನಲ್ಲಿ ಇಲ್ಲಿ ವೇದಿಕೆ 2.3 ಮಿ.ಮೀ. ಅಲುಗುತ್ತಾ ಇರಬಹುದು, ಅಥವಾ 26 ಮಿ.ಮೀ. ಅಲುಗುತ್ತಾ ಇರಬಹುದು. ಎರಡೂ ಸ್ಥಿರ. ಯಾವುದರಲ್ಲಿ ಇರುತ್ತದೆ ಎಂಬುದು ಅದು ಎಲ್ಲಿಂದ ಬಂತು ಎಂಬುದರ ಮೇಲೆ ನಿಂತಿದೆ. ಕೈ ತಾಗಿದ ಮೇಲೆ ‘ಕೆಟ್ಟುಹೋದ’ ವೇದಿಕೆಯ ಗುಟ್ಟು ಇದು. ಪ್ರೆಸ್ ನಿಲ್ಲಿಸಿ ಮತ್ತೆ ಶುರು ಮಾಡಿದರೆ ತಾನಾಗಿ ‘ಸರಿ’ಯೂ ಆಗಬಹುದು, ಅದರಿಂದಲೇ ಗೊಂದಲ ಇನ್ನೂ ಹೆಚ್ಚುತ್ತದೆ. ಡ್ಯಾಂಪಿಂಗ್ 8 ಆದಾಗ 1.2 ಹರ್ಟ್ಸ್‌ನಲ್ಲಿ ಆ ದೊಡ್ಡ ಅಲುಗಾಟದ ಸ್ಥಿತಿಯೇ ಅಳಿಸಿಹೋಗುತ್ತದೆ.

ಸಮಯವಿದ್ದರೆ ಆರಂಭದ ಸ್ಥಾನ ಮತ್ತು ವೇಗವನ್ನು ಜಾಲರಿಯಂತೆ ಬದಲಿಸಿ, ಯಾವುದು ಯಾವ ಸ್ಥಿತಿಗೆ ಹೋಗಿ ಸೇರುತ್ತದೆಂದು ಬಣ್ಣ ಹಚ್ಚಿ. ದೊಡ್ಡ ಸ್ಥಿತಿಯ ಬಣ್ಣ ನಡುವಿಗೆ ಎಷ್ಟು ಹತ್ತಿರ ಬಂದಿದೆಯೋ ವೇದಿಕೆಗೆ ಅಷ್ಟು ಸಣ್ಣ ಪೆಟ್ಟು ಸಾಕು.

## ಹಂತ 7: ಜೋಡಿಸಿ, ನಿಂತಲ್ಲೇ ಪರೀಕ್ಷಿಸಿ

ಮೊದಲು ಲಂಬ ಸ್ಪ್ರಿಂಗ್ ಮಾತ್ರ ಹಾಕಿ ಭಾರವಿಟ್ಟು, ಬದಿಯ ಸ್ಪ್ರಿಂಗ್ ಕೂರುವ ತೂತುಗಳು ಸರಿಯಾಗಿ ಅಡ್ಡಸಾಲಿಗೆ ಬರುವಂತೆ ಬುಡದ ನಟ್ ತಿರುಗಿಸಿ. ಆಮೇಲೆ ವೇದಿಕೆಯನ್ನು ತಡೆಗಟ್ಟೆಗಳಿಂದ ಅಲುಗದಂತೆ ಹಿಡಿದು ಬದಿಯ ಸ್ಪ್ರಿಂಗ್‌ಗಳನ್ನು ಕೂರಿಸಿ. ಪ್ರತಿಯೊಂದೂ 28 ಮಿ.ಮೀ. ಅದುಮಿಕೊಂಡು 56 ನ್ಯೂಟನ್ ಬಲದಿಂದ ಒತ್ತುತ್ತಿರುತ್ತದೆ. ‘ಅ’ ಅಳತೆಯನ್ನು 66 ಮಿ.ಮೀ.ನಿಂದ ಶುರು ಮಾಡಿ, ಗಟ್ಟೆ ತೆಗೆದು, ಕಾಲು ಸುತ್ತಿನಂತೆ 62ರ ಕಡೆಗೆ ಬನ್ನಿ. 60ಕ್ಕಿಂತ ಕಡಿಮೆ ಅಳತೆಯಿಂದ ಶುರು ಮಾಡಿ ಮೇಲಕ್ಕೆ ಬಂದರೆ ದಾರಿಯಲ್ಲೇ ‘ಟಕ್’ ಆಗಿ ಗೇಜು, ಬೆರಳು ಎರಡಕ್ಕೂ ಪೆಟ್ಟು.

ಈಗ ಬಟ್ಟುಗಳ ಪರೀಕ್ಷೆ. ನಡುವಿನ ಸ್ಥಾನದಲ್ಲಿ 50 ಗ್ರಾಂ ಬಟ್ಟು ಇಟ್ಟಾಗ ವೇದಿಕೆ ಸುಮಾರು 2.5 ಮಿ.ಮೀ. ಇಳಿಯಬೇಕು. ಅದನ್ನು ನೋಡುವುದೇ ಒಂದು ಅನುಭವ: ಹತ್ತು ಕಿಲೋ ಹೊತ್ತ ವೇದಿಕೆ ಒಂದು ಸಣ್ಣ ಬಟ್ಟಿಗೆ ನೀರಿನ ಮೇಲೆ ತೇಲುವ ಹಲಗೆಯ ಹಾಗೆ ನಿಧಾನವಾಗಿ ತಗ್ಗುತ್ತದೆ. ಹಾಗೆ 50 ಗ್ರಾಂನಂತೆ ಆರಂಭಿಸಿ, ಆಮೇಲೆ 200 ಗ್ರಾಂನಂತೆ ಒಂದೂವರೆ ಕಿಲೋವರೆಗೆ ಏರಿಸಿ. ವೇದಿಕೆ 25 ಮಿ.ಮೀ. ಹತ್ತಿರಕ್ಕೆ ಬರುತ್ತದೆ. ಮತ್ತೆ ಒಂದೊಂದಾಗಿ ಇಳಿಸಿ. ಮೇಲಿನ ಬದಿಗೆ, 10 ಕಿಲೋದಿಂದ ಕಡಿಮೆ ಮಾಡುತ್ತಾ ಹೋಗಿ ಅದನ್ನೇ ಮಾಡಿ. ಬಲ ಮತ್ತು ಸ್ಥಾನದ ನಕ್ಷೆಯಲ್ಲಿ ಏರುವ, ಇಳಿಯುವ ಗೆರೆಗಳು ಒಂದರ ಮೇಲೊಂದು ಕೂರಬೇಕು.

ಅವೆರಡರ ನಡುವೆ ಸಂದು ಕಂಡರೆ ಘರ್ಷಣೆ ಇದೆ. ಒಣ ಘರ್ಷಣೆ ಬರೀ 2 ನ್ಯೂಟನ್ ಇದ್ದರೂ ವೇದಿಕೆ ನಡುವಿನಿಂದ ±8 ಮಿ.ಮೀ. ಒಳಗೆ ಎಲ್ಲಿ ಬೇಕಾದರೂ ನಿಲ್ಲಬಹುದು. ಅದಕ್ಕಿಂತ ಕೆಟ್ಟದ್ದು, ನೆಲದ ವೇಗೋತ್ಕರ್ಷ 0.2 ಮೀಟರ್/ಸೆಕೆಂಡ್² ದಾಟುವವರೆಗೆ ವೇದಿಕೆ ನೆಲಕ್ಕೆ ಅಂಟಿಕೊಂಡೇ ಇರುತ್ತದೆ. ಆಗ ನೆಲದ ಕಂಪನವೆಲ್ಲ ಉಪಕರಣಕ್ಕೆ ಇಳಿಯುತ್ತದೆ, ಇಷ್ಟೆಲ್ಲ ದುಡಿದದ್ದು ನೀರುಪಾಲು. ಬುಶ್ ಮತ್ತು ಪಿನ್ ತೆಗೆದು ಚೂರಿಯಂಚಿನ ಆಧಾರ ಕೊಡಿ. ವೇದಿಕೆ ನೇರ ಮೇಲೆ ಕೆಳಗೆ ಸರಿಯಲು ಜಾರುವ ಬೇರಿಂಗ್ ಬದಲು ತೆಳು ಉಕ್ಕಿನ ಪಟ್ಟಿಗಳನ್ನು ಸಮಾಂತರವಾಗಿ ಬಳಸಿ. ಪಟ್ಟಿಗಳು ಸೇರಿಸುವ ಬಿಗಿತ ಇದೇ ನಕ್ಷೆಯಲ್ಲಿ ಕಾಣುತ್ತದೆ, ಅದನ್ನು ಸ್ಕ್ರೂನಿಂದ ಸರಿದೂಗಿಸಬಹುದು.

ಕೊನೆಗೆ ಡ್ಯಾಂಪಿಂಗ್. ವೇದಿಕೆಯನ್ನು 5 ಮಿ.ಮೀ. ಒತ್ತಿ ಬಿಡಿ. ಗುಣಾಂಕ 8 ಇದ್ದರೆ ಪ್ರತಿ ಸುತ್ತಿನ ಅಲುಗಾಟ ಹಿಂದಿನದರ ಶೇ. 56ರಷ್ಟಿರಬೇಕು, ಒಂದು ಸುತ್ತಿಗೆ ಸುಮಾರು 1.4 ಸೆಕೆಂಡ್. ಪ್ರತಿ ಸುತ್ತಿಗೂ ಒಂದೇ ಅಳತೆಯಷ್ಟು ಕುಗ್ಗಿ ಥಟ್ಟನೆ ನಿಂತರೆ ಅದು ಡ್ಯಾಂಪರ್ ಕೆಲಸವಲ್ಲ, ಎಲ್ಲೋ ಏನೋ ಉಜ್ಜುತ್ತಿದೆ.

## ಹಂತ 8: ಅಲುಗಾಡಿಸಿ, ಏರಿಸಿ, ಇಳಿಸಿ, ತಟ್ಟಿ

ಎಕ್ಸೆಂಟ್ರಿಕ್ ಮೇಲೆ ಇಡೀ ಚೌಕಟ್ಟನ್ನು ಕೂರಿಸಿ. 0.4ರಿಂದ 2 ಹರ್ಟ್ಸ್‌ವರೆಗೆ 0.02 ಹರ್ಟ್ಸ್‌ನಂತೆ 80 ಮೆಟ್ಟಿಲು. ಪ್ರತಿ ಮೆಟ್ಟಿಲಿನಲ್ಲಿ ಹಳೆಯ ಚಲನೆ ಅಳಿಯಲು 15 ಸೆಕೆಂಡ್ ಕಾಯಿರಿ, 15 ಸೆಕೆಂಡ್ ದಾಖಲಿಸಿ. ಏರಲು 40 ನಿಮಿಷ, ಇಳಿಯಲು 40 ನಿಮಿಷ. ಅವಸರದಲ್ಲಿ ಐದೇ ನಿಮಿಷಕ್ಕೆ ಮೋಟಾರ್ ಏರಿಸಿಬಿಟ್ಟರೆ ವೇದಿಕೆ ಒಂದು ಸ್ಥಿರ ಚಲನೆಯಿಂದ ಇನ್ನೊಂದಕ್ಕೆ ಜಿಗಿಯುವ ಜಾಗ ತಪ್ಪಾಗಿ ಕಾಣುತ್ತದೆ, ಇಲ್ಲವೇ ಕಾಣುವುದೇ ಇಲ್ಲ. ಮೊದಲು 1 ಮಿ.ಮೀ., ಆಮೇಲೆ 1.5 ಮಿ.ಮೀ. ಎಕ್ಸೆಂಟ್ರಿಕ್. ಒಂದೇ ಅಳತೆಯಲ್ಲಿ ಮಾಡಿದ ಪರೀಕ್ಷೆಯಿಂದ ಅರೇಖೀಯ ವೇದಿಕೆಯ ಬಗ್ಗೆ ಏನೂ ತೀರ್ಮಾನಿಸಲಾಗದು.

ನಂತರ ಪ್ರೆಸ್ಸಿನ ಆವೃತ್ತಿಯಲ್ಲಿ ಮೋಟಾರ್ ನಡೆಯುತ್ತಿರುವಾಗಲೇ ವೇದಿಕೆಯನ್ನು ಕೈಯಿಂದ ತಟ್ಟಿ. ಮೊದಲು ಮೆಲ್ಲಗೆ, ಆಮೇಲೆ 20 ಮಿ.ಮೀ. ಸರಿಯುವಷ್ಟು. ಪ್ರತಿ ಸಲವೂ ಒಂದು ನಿಮಿಷದೊಳಗೆ ಹಳೆಯ ಸಣ್ಣ ಅಲುಗಾಟಕ್ಕೆ ಮರಳಬೇಕು. ಹತ್ತು ತಟ್ಟಿನಲ್ಲಿ ಒಮ್ಮೆ ಮರಳದಿದ್ದರೂ ವೇದಿಕೆ ಸೋತಿದೆ. ಹಂತ 5ಕ್ಕೆ ಹೋಗಿ ಡ್ಯಾಂಪಿಂಗ್ ಏರಿಸಿ, ಅಥವಾ ‘ಅ’ ಅಳತೆಯನ್ನು ಒಂದು ಮಿ.ಮೀ. ಹೆಚ್ಚಿಸಿ ಸ್ವಲ್ಪ ಮೃದುತ್ವವನ್ನು ಬಿಟ್ಟುಕೊಡಿ.

## ಈ ಚಿಹ್ನೆಗಳು ಕಂಡರೆ ಕೂಡಲೇ ನಿಲ್ಲಿಸಿ

ನೆಲದ ಅಲುಗಾಟವನ್ನು ಇಮ್ಮಡಿ ಮಾಡಿದಾಗ ವೇದಿಕೆಯದು ಇಮ್ಮಡಿಯಾಗದೆ ಒಮ್ಮೆಲೇ ನಾಲ್ಕೈದು ಪಟ್ಟಾದರೆ ಜಿಗಿತದ ಹತ್ತಿರ ಇದ್ದೀರಿ.

ವೇದಿಕೆಯ ಚಲನೆ ಮೋಟಾರಿನ ಎರಡು ಸುತ್ತಿಗೊಮ್ಮೆ ಮರುಕಳಿಸಿದರೆ ಮೊದಲು ಭಾರ ನೋಡಿ. ವೇದಿಕೆ ನಡುವಿನಿಂದ ಕೆಳಗೋ ಮೇಲೋ ಕೂತು ಎರಡು ಬದಿಗಳ ಸಮರೂಪ ಹೋದಾಗ ಇದು ಸುಲಭವಾಗಿ ಬರುತ್ತದೆ. ಮೂರು ಸುತ್ತಿಗೊಮ್ಮೆ ಮರುಕಳಿಸಿದರೆ ಘನ ಪದದ ಕೈವಾಡ. ಅಲುಗಾಟವೇ ತೀರಾ ದೊಡ್ಡದಾಗಿದೆ.

ಚಲನೆ ಮರುಕಳಿಸುವುದೇ ಇಲ್ಲ ಎನಿಸಿದರೆ ಅದನ್ನು ಗದ್ದಲವೆಂದು ತಳ್ಳಿಹಾಕುವ ಮೊದಲು ಒಂದು ಸಣ್ಣ ಕೆಲಸ ಮಾಡಿ. ಮೋಟಾರಿನ ಪ್ರತಿ ಸುತ್ತಿನ ಒಂದೇ ಕ್ಷಣದಲ್ಲಿ ಸ್ಥಾನ ಮತ್ತು ವೇಗವನ್ನು ಗುರುತಿಸಿ, ಚುಕ್ಕೆಗಳನ್ನು ನಕ್ಷೆಯಲ್ಲಿ ಇಡಿ. ಇದಕ್ಕೆ ಪ್ವಾಂಕರೇ ಛೇದ ಎಂದು ಹೆಸರು. ಒಂದು ಚುಕ್ಕೆಯ ಸುತ್ತ ಮಬ್ಬಾಗಿ ಹರಡಿದ್ದರೆ ಗದ್ದಲ. ಎರಡು ಮೂರು ಬಿಡಿ ಚುಕ್ಕೆಗಳಾದರೆ ಮೇಲೆ ಹೇಳಿದ, ಎರಡು ಮೂರು ಸುತ್ತಿಗೊಮ್ಮೆ ಮರುಕಳಿಸುವ ಚಲನೆಗಳು. ಮಡಚಿದ ಬಟ್ಟೆಯಂತೆ ಪದರ ಪದರವಾಗಿ ಸಾಲುಗಟ್ಟಿದರೆ ಅದು ನಿಜವಾದ ಅಸ್ತವ್ಯಸ್ತ ಚಲನೆ. ‘ಅ’ ಅಳತೆ 60ಕ್ಕಿಂತ ಕೆಳಗೆ ಜಾರಿದೆಯೇ, ತಡೆಗೆ ಬಡಿಯುತ್ತಿದೆಯೇ ಎಂದು ಮೊದಲು ನೋಡಿ.

ಬೆಳಿಗ್ಗೆ ಒಂದು ಎತ್ತರ, ಮಧ್ಯಾಹ್ನ ಇನ್ನೊಂದು ಎತ್ತರ ಕಂಡರೆ ಚೌಕಟ್ಟು ಬಿಸಿಗೆ ಹಿಗ್ಗುತ್ತಿದೆ ಅಥವಾ ಸ್ಕ್ರೂ ಸಡಿಲವಾಗಿದೆ. ಚೆಕ್ ನಟ್ ಬಿಗಿಯಿರಿ.

ಎಲ್ಲ ಮುಗಿದ ಮೇಲೆ ವೇದಿಕೆಯ ಬದಿಗೆ ಒಂದು ಫಲಕ ಅಂಟಿಸಿ ನಾಲ್ಕು ಸಾಲು ಬರೆಯಿರಿ: ಒಪ್ಪುವ ಭಾರ 10 ಕಿಲೋ, ಹೆಚ್ಚುಕಡಿಮೆ 100 ಗ್ರಾಂ. ‘ಅ’ ಅಳತೆ 62 ಮಿ.ಮೀ. ನೆಲದ ಅಲುಗಾಟದ ಮಿತಿ 1.5 ಮಿ.ಮೀ. 50 ಗ್ರಾಂ ಬಟ್ಟಿಗೆ 2.5 ಮಿ.ಮೀ. ಇಳಿಯಬೇಕು. ಕೊನೆಯ ಸಾಲಿಗಾಗಿ ಒಂದು 50 ಗ್ರಾಂ ಬಟ್ಟನ್ನು ದಾರದಲ್ಲಿ ಕಟ್ಟಿ ಚೌಕಟ್ಟಿನಲ್ಲೇ ತೂಗುಹಾಕಿ, ವಾರಕ್ಕೊಮ್ಮೆ ಯಾರು ಬೇಕಾದರೂ ಇಟ್ಟು ನೋಡಲಿ.